ಪಾಯಿಂಟ್ ಉಳಿಸಲೇ, ಎಲೆಕ್ಟ್ರಾನಿಕ್ ಹಾಕಿಸಲೇ? ಹಳೇ ಕಾರಿನ ಇಗ್ನಿಷನ್ ಆರಿಸುವ ಬಗೆ

ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಬಿಚ್ಚಿ, ಅದರೊಳಗೆ ಕರೆಂಟ್ ಕಡಿಯುವ ಪುಟ್ಟ ಸ್ವಿಚ್ಚಾದ ಪಾಯಿಂಟ್ ಉಜ್ಜಿ ಉಜ್ಜಿ ಬೇಸತ್ತವರಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಡೆ ಮನಸ್ಸು ಹರಿಯುವುದು ಸಹಜ. ಹುಡುಕಲು ಕೂತರೆ ಬಗೆಬಗೆಯವು ಎದುರಾಗುತ್ತವೆ. ಎರಡು ವೈರಿನ ಪುಟ್ಟ ಮಾಡ್ಯೂಲ್ ಒಂದು ಕಡೆ, ಬೆಳಕಿನ ಕಿರಣದ ಮೇಲೆ ನಡೆಯುವ ಕಿಟ್ ಇನ್ನೊಂದು ಕಡೆ. ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಿಸಿ ಎನ್ನುವವರು ಒಬ್ಬರು, ಡಿಸ್ಟ್ರಿಬ್ಯೂಟರೇ ಬೇಡ ಎನ್ನುವವರು ಮತ್ತೊಬ್ಬರು. ಎಲ್ಲರ ಭರವಸೆಯೂ ಒಂದೇ: ಬೇಗ ಸ್ಟಾರ್ಟ್ ಆಗುತ್ತದೆ, ಪಿಕಪ್ ಬರುತ್ತದೆ, ಮೈಲೇಜ್ ಏರುತ್ತದೆ.

ನಿಜ ಹೇಳಬೇಕೆಂದರೆ ಇವು ಒಂದೇ ರೋಗಕ್ಕೆ ಎಂಟು ಮದ್ದುಗಳಲ್ಲ. ಒಂದೊಂದು ಒಂದೊಂದು ರೋಗದ ಮದ್ದು. ಆದ್ದರಿಂದ ಕಿಟ್ ಆರಿಸುವ ಮೊದಲು ನಿಮ್ಮ ಗಾಡಿಗೆ ಏನಾಗಿದೆ ಎಂದು ತಿಳಿದುಕೊಳ್ಳಬೇಕು.

ಇಗ್ನಿಷನ್ ಮಾಡುವ ಮೂರು ಕೆಲಸ

ಮೊದಲನೆಯದು ಸ್ವಿಚ್ಚಿನ ಕೆಲಸ. ಪಾಯಿಂಟ್ ಮುಚ್ಚಿದಾಗ ಕಾಯಿಲ್‌ನ ಪ್ರೈಮರಿ ಸುತ್ತಿನಲ್ಲಿ ಸುಮಾರು 4 ಆಂಪಿಯರ್ ಕರೆಂಟ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಪಾಯಿಂಟ್ ತೆರೆದ ಕ್ಷಣ ಅದು ಕುಸಿದು ಸೆಕೆಂಡರಿಯಲ್ಲಿ ಸಾವಿರಾರು ವೋಲ್ಟ್ ಏಳುತ್ತದೆ. ಎರಡನೆಯದು ಹೊತ್ತಿನ ಕೆಲಸ, ಅಂದರೆ ಕಿಡಿ ಯಾವ ಡಿಗ್ರಿಯಲ್ಲಿ ಬೀಳಬೇಕು ಎಂಬುದು. ಇದನ್ನು ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು, ಸ್ಪ್ರಿಂಗುಗಳು ಮತ್ತು ವ್ಯಾಕ್ಯೂಮ್ ಡಬ್ಬಿ ಸೇರಿ ನಿರ್ಧರಿಸುತ್ತವೆ. ಮೂರನೆಯದು ಬಲದ ಕೆಲಸ. ಅದು ಕಾಯಿಲ್‌ನದು, ಮತ್ತು ಕಾಯಿಲ್‌ಗೆ ತುಂಬಿಕೊಳ್ಳಲು ಸಿಗುವ ಸಮಯದ್ದು.

ಪಾಯಿಂಟ್ ಜಾಗಕ್ಕೆ ಬರುವ ಸಾಮಾನ್ಯ ಮಾಡ್ಯೂಲ್ ಬದಲಿಸುವುದು ಮೊದಲನೆಯದನ್ನು ಮಾತ್ರ. ತೂಕದ ಪಿನ್ನು ತುಕ್ಕು ಹಿಡಿದು ಅಂಟಿಕೊಂಡಿದ್ದರೆ, ಸ್ಪ್ರಿಂಗ್ ಹಿಗ್ಗಿದ್ದರೆ, ವ್ಯಾಕ್ಯೂಮ್ ಡಯಾಫ್ರಾಮ್ ಹರಿದಿದ್ದರೆ ಅವೆಲ್ಲ ಹಾಗೇ ಉಳಿಯುತ್ತವೆ. ಬಾಷ್ 009 ಡಿಸ್ಟ್ರಿಬ್ಯೂಟರ್ ಹಾಕಿದ ಫೋಕ್ಸ್‌ವ್ಯಾಗನ್ ಬೀಟಲ್ ಇದಕ್ಕೆ ಒಳ್ಳೆಯ ಉದಾಹರಣೆ. ಆ ಡಿಸ್ಟ್ರಿಬ್ಯೂಟರ್‌ನಲ್ಲಿ ವ್ಯಾಕ್ಯೂಮ್ ಅಡ್ವಾನ್ಸೇ, ಅಂದರೆ ಇಂಜಿನ್ನಿನ ಹೀರಿಕೆಯಿಂದ ಕಿಡಿಯನ್ನು ಮುಂಚೆ ಬೀಳಿಸುವ ಏರ್ಪಾಡೇ ಇಲ್ಲ. ಹಾಗಾಗಿ ಆಕ್ಸಿಲರೇಟರ್ ಒತ್ತಿದೊಡನೆ ಗಾಡಿ ಒಂದು ಕ್ಷಣ ತಡವರಿಸುವುದುಂಟು. ಪಾಯಿಂಟ್ ಕಿತ್ತು ಎಷ್ಟು ಒಳ್ಳೆಯ ಮಾಡ್ಯೂಲ್ ಹಾಕಿದರೂ ಆ ತಡವರಿಕೆ ಹೋಗುವುದಿಲ್ಲ.

ಕೊಳ್ಳುವ ಮೊದಲು ಅರ್ಧ ಗಂಟೆಯ ತಪಾಸಣೆ

ಕ್ಯಾಪ್ ತೆಗೆದು ಡಿಸ್ಟ್ರಿಬ್ಯೂಟರ್ ಶಾಫ್ಟನ್ನು ಅಡ್ಡಡ್ಡ ಅಲ್ಲಾಡಿಸಿ. ಕಣ್ಣಿಗೆ ಕಾಣುವಷ್ಟು ಆಡಿದರೆ ಬುಶ್ ಸವೆದಿದೆ. ಡ್ವೆಲ್ (ಪಾಯಿಂಟ್ ಮುಚ್ಚಿರುವ ಡಿಗ್ರಿ) ಅಳೆಯುವ ಮೀಟರ್ ಇದ್ದರೆ ಇನ್ನೂ ಖಚಿತ: ಐಡಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಒಮ್ಮೆ ಓದಿ. ಎರಡರ ನಡುವೆ 3 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಶಾಫ್ಟನ್ನೋ ಪಾಯಿಂಟ್ ಕೂರುವ ಪ್ಲೇಟನ್ನೋ ನೋಡಬೇಕು.

ಶಾಫ್ಟ್ ತಲೆಯ ಮೇಲೆ ತಿರುಗುತ್ತಾ ಕಿಡಿ ಹಂಚುವ ರೋಟರನ್ನು ಅದು ತಿರುಗುವ ದಿಕ್ಕಿನಲ್ಲೇ ಬೆರಳಿಂದ ತಿರುಚಿ ಬಿಡಿ. ಟಪ್ಪನೆ ಹಿಂದಕ್ಕೆ ಬರಬೇಕು. ಸೋಮಾರಿಯಂತೆ ಬಂದರೆ, ಬಾರದೇ ಇದ್ದರೆ, ತೂಕಗಳಿಗೆ ಎಣ್ಣೆ ಬೇಕು ಅಥವಾ ಸ್ಪ್ರಿಂಗ್ ಹೋಗಿದೆ. ಆಮೇಲೆ ವ್ಯಾಕ್ಯೂಮ್ ಪೈಪಿನ ಕಾರ್ಬ್ಯುರೇಟರ್ ತುದಿ ಬಿಚ್ಚಿ ಬಾಯಿಂದ ಎಳೆದು, ನಾಲಗೆಯಿಂದ ಮುಚ್ಚಿ ಹಿಡಿಯಿರಿ. ಒಳಗಿನ ಪ್ಲೇಟ್ ಸರಿದು ಅಲ್ಲೇ ನಿಲ್ಲಬೇಕು. ಮೆಲ್ಲಗೆ ವಾಪಸ್ ಬಂದರೆ ಡಯಾಫ್ರಾಮ್ ತೂತಾಗಿದೆ.

ಇನ್ನು ಮೀಟರ್ ಕೆಲಸ. ಕಾಯಿಲ್‌ನ ಎರಡೂ ಸಣ್ಣ ವೈರು ಬಿಚ್ಚಿ, ತಣ್ಣಗಿರುವಾಗ ಆ ಎರಡು ಟರ್ಮಿನಲ್‌ಗಳ ನಡುವಿನ ಓಮ್ ಅಳೆಯಿರಿ. 3 ಓಮ್ ಆಸುಪಾಸು ಬಂದರೆ ನೇರ 12 ವೋಲ್ಟಿನ ಕಾಯಿಲ್. 1.5 ಓಮ್ ಬಂದರೆ ಬ್ಯಾಲಾಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟ್ ತಗ್ಗಿಸುವ ತಡೆ) ಜೊತೆ ಬಳಸುವಂಥದ್ದು. 1 ಓಮ್‌ಗಿಂತ ಕೆಳಗಿದ್ದರೆ ಅದು ಹೈ ಎನರ್ಜಿ ಕಾಯಿಲ್. ಮೀಟರ್‌ನ ತಂತಿಗೇ ಅರ್ಧ ಓಮ್ ಇರಬಹುದು. ಮೊದಲು ಎರಡು ತಂತಿಯ ತುದಿ ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಕಳೆಯಿರಿ.

ಈಗ ವೈರು ಮತ್ತೆ ಸಿಕ್ಕಿಸಿ, ಪಾಯಿಂಟ್ ಮುಚ್ಚಿರುವಂತೆ ಇಂಜಿನ್ ತಿರುಗಿಸಿ ನಿಲ್ಲಿಸಿ, ಕೀ ಆನ್ ಮಾಡಿ, ಕಾಯಿಲ್‌ಗೆ ಕರೆಂಟ್ ಬರುವ ಟರ್ಮಿನಲ್‌ನಲ್ಲಿ ವೋಲ್ಟ್ ನೋಡಿ. 12ರ ಹತ್ತಿರ ಬಂದರೆ ದಾರಿಯಲ್ಲಿ ಬ್ಯಾಲಾಸ್ಟ್ ಇಲ್ಲ. 6ರಿಂದ 8 ಬಂದರೆ ಇದೆ. ಎಷ್ಟೋ ಗಾಡಿಗಳಲ್ಲಿ ಈ ಬ್ಯಾಲಾಸ್ಟ್ ಕಣ್ಣಿಗೆ ಕಾಣುವುದಿಲ್ಲ. ವೈರಿಂಗ್ ಕಟ್ಟಿನೊಳಗೆ ರೆಸಿಸ್ಟೆನ್ಸ್ ತಂತಿಯಾಗಿ ಅಡಗಿರುತ್ತದೆ. ಇದನ್ನು ಅಳೆಯದೆ ಕಿಟ್ ಹಾಕಿದವರೇ ಎರಡು ತಿಂಗಳಲ್ಲಿ ಮಾಡ್ಯೂಲ್ ಸುಟ್ಟಿತು ಎನ್ನುವುದು.

ಕೊನೆಯದಾಗಿ ಬ್ಯಾಟರಿಯ ಯಾವ ತುದಿ ಬಾಡಿಗೆ ಕಟ್ಟಿದೆ ನೋಡಿ. ಹಳೆಯ ಅನೇಕ ಬ್ರಿಟಿಷ್ ಗಾಡಿಗಳು ಪಾಸಿಟಿವ್ ಅರ್ಥ್. ನೆಗೆಟಿವ್ ಅರ್ಥ್‌ನ ಮಾಡ್ಯೂಲನ್ನು ಅಂಥ ಗಾಡಿಗೆ ಜೋಡಿಸಿ ಕೀ ತಿರುಗಿಸಿದರೆ ಅದು ಸಾಯಲು ಒಂದು ಕ್ಷಣ ಸಾಕು.

ಯಾವುದನ್ನು ತೂಗಿ ನೋಡಬೇಕು

ಬೆಲೆ ಎಲ್ಲರ ಕಣ್ಣಿಗೂ ಮೊದಲು ಬೀಳುತ್ತದೆ. ಆದರೆ ಅದಕ್ಕಿಂತ ದೊಡ್ಡ ಪ್ರಶ್ನೆ, ಕೆಟ್ಟರೆ ಏನು ಗತಿ ಎಂಬುದು. ಪಾಯಿಂಟ್ ಮೊದಲೇ ಸೂಚನೆ ಕೊಟ್ಟು ಕೆಡುತ್ತದೆ: ಸ್ಟಾರ್ಟ್ ತಡವಾಗುತ್ತದೆ, ಐಡಲಿಂಗ್ ಕುಂಟುತ್ತದೆ, ಆಗಾಗ ಮಿಸ್ ಹೊಡೆಯುತ್ತದೆ. ರಸ್ತೆ ಬದಿಯಲ್ಲಿ ಉಗುರು ಉಜ್ಜುವ ಅರದಲ್ಲಿ ತಿಕ್ಕಿ ಮನೆ ಸೇರಬಹುದು. ಮಾಡ್ಯೂಲ್ ಸಾಮಾನ್ಯವಾಗಿ ಸೂಚನೆ ಕೊಡದೆ ಸಾಯುತ್ತದೆ, ಸತ್ತಮೇಲೆ ರಿಪೇರಿ ಇಲ್ಲ. ಹಾಗಾಗಿ ಕಡಿಮೆ ಸಲ ಕೆಡುವುದು ಮತ್ತು ಕೆಟ್ಟರೆ ಸುಲಭವಾಗಿ ಸರಿಹೋಗುವುದು, ಇವೆರಡರಲ್ಲಿ ನಿಮಗೆ ಯಾವುದು ಮುಖ್ಯ ಎಂದು ತೀರ್ಮಾನಿಸಿ.

ಮುಂದಿನದು, ಹಿಂದಿನ ಸ್ಥಿತಿಗೆ ಮರಳಲು ಎಷ್ಟು ಹೊತ್ತು ಬೇಕು, ಏನನ್ನಾದರೂ ಕೊರೆಯಬೇಕೇ ಕತ್ತರಿಸಬೇಕೇ ಎಂಬುದು. ಬಾನೆಟ್ ಎತ್ತಿದರೆ ಹಳೆಯ ರೂಪವೇ ಕಾಣಬೇಕು ಎನ್ನುವವರಿಗೆ ಇದು ದೊಡ್ಡ ವಿಷಯ. ಮತ್ತೊಂದು, ಇಂಜಿನ್ ಎಷ್ಟು ಸಿಲಿಂಡರಿನದು, ಎಷ್ಟು ವೇಗಕ್ಕೆ ತಿರುಗುತ್ತದೆ.

ಈ ಕೊನೆಯದನ್ನು ಲೆಕ್ಕ ಹಾಕಿಯೇ ನೋಡೋಣ. ನಾಲ್ಕು ಸಿಲಿಂಡರಿನ ಇಂಜಿನ್ 6000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಕಿಡಿ ಕೇಳುತ್ತದೆ, ಅಂದರೆ ಕಿಡಿಗೆ 5 ಮಿಲಿಸೆಕೆಂಡ್. ಡ್ವೆಲ್ 60 ಡಿಗ್ರಿ ಇದ್ದರೆ ಅದರಲ್ಲಿ ಮೂರನೇ ಎರಡು ಪಾಲು, 3.3 ಮಿಲಿಸೆಕೆಂಡ್ ಮಾತ್ರ ಪಾಯಿಂಟ್ ಮುಚ್ಚಿರುತ್ತದೆ. 3 ಓಮ್, 8 ಮಿಲಿಹೆನ್ರಿಯ ಕಾಯಿಲ್ ಅಷ್ಟರಲ್ಲಿ ಪೂರ್ಣ ಕರೆಂಟಿನ ಸುಮಾರು 70 ಪ್ರತಿಶತ ಮುಟ್ಟುತ್ತದೆ. ಶಕ್ತಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ ಕಿಡಿಯ ಬಲ ಅರ್ಧ. ಪರವಾಗಿಲ್ಲ, ಅಷ್ಟು ಸಾಕು. ಅದೇ ಕಾಯಿಲ್ ಎಂಟು ಸಿಲಿಂಡರಿನ ವಿ8ರಲ್ಲಿದ್ದರೆ 30 ಡಿಗ್ರಿ ಡ್ವೆಲ್‌ಗೆ ಸಿಗುವುದು 1.7 ಮಿಲಿಸೆಕೆಂಡ್ ಅಷ್ಟೇ. ಕರೆಂಟ್ ಅರ್ಧವನ್ನೂ ಮುಟ್ಟುವುದಿಲ್ಲ, ಶಕ್ತಿ ಕಾಲು ಭಾಗಕ್ಕಿಂತ ಕಡಿಮೆ. ನಾಲ್ಕು ಸಿಲಿಂಡರಿನ ನಿಧಾನದ ಗಾಡಿಗೆ ದುಬಾರಿ ಇಗ್ನಿಷನ್‌ನಿಂದ ಏನೂ ಹೆಚ್ಚು ಸಿಗದಿರುವುದಕ್ಕೂ, ವೇಗವಾಗಿ ತಿರುಗುವ ವಿ8ಗೆ ಸಿಗುವುದಕ್ಕೂ ಇದೇ ಕಾರಣ.

ಪಾಯಿಂಟನ್ನೇ ಉಳಿಸಿಕೊಳ್ಳುವುದು

ತಿಂಗಳಿಗೆ ಎರಡು ಮೂರು ಸಲ ಹೊರಡುವ ಗಾಡಿಗೆ, ಶಾಫ್ಟ್ ಬಿಗಿಯಾಗಿದ್ದರೆ, ಇದು ನಾಚಿಕೆಪಡಬೇಕಾದ ಆಯ್ಕೆಯಲ್ಲ. ಅನೇಕ ಲೂಕಾಸ್ ಡಿಸ್ಟ್ರಿಬ್ಯೂಟರ್‌ಗಳಿಗೆ ಗ್ಯಾಪ್ 0.35ರಿಂದ 0.40 ಮಿ.ಮೀ. ನಿಮ್ಮದಕ್ಕೆ ಎಷ್ಟೆಂದು ಮ್ಯಾನ್ಯುಯಲ್ ನೋಡಿ. ಸುಮಾರು 5000 ಕಿ.ಮೀ.ಗೊಮ್ಮೆ ಗ್ಯಾಪ್ ನೋಡಬೇಕು. ಕ್ಯಾಮ್ (ಪಾಯಿಂಟನ್ನು ತೆರೆಸುವ, ಶಾಫ್ಟ್ ಮೇಲಿನ ಉಬ್ಬು) ಮೇಲೆ ಉಜ್ಜುವ ಫೈಬರ್ ತುಂಡು ಸವೆದಂತೆ ಗ್ಯಾಪ್ ಕುಗ್ಗಿ ಡ್ವೆಲ್ ಹೆಚ್ಚುತ್ತದೆ, ಟೈಮಿಂಗ್ ಹಿಂದೆ ಬೀಳುತ್ತದೆ. ಡ್ವೆಲ್ 1 ಡಿಗ್ರಿ ಹೆಚ್ಚಾದರೆ ಕ್ರ್ಯಾಂಕಿನಲ್ಲಿ ಟೈಮಿಂಗ್ ಹೆಚ್ಚುಕಡಿಮೆ 1 ಡಿಗ್ರಿ ತಡ. ಕ್ಯಾಮ್‌ಗೆ ಅಕ್ಕಿಕಾಳಿನಷ್ಟು ಗ್ರೀಸ್ ಸವರಿದರೆ ಈ ಸವಕಳಿ ಬಹಳ ತಗ್ಗುತ್ತದೆ. ಹೆಚ್ಚು ಸವರಿದರೆ ಅದು ಸಿಡಿದು ಪಾಯಿಂಟ್ ಮೇಲೆ ಕೂತು ಸುಡುತ್ತದೆ.

ಪಾಯಿಂಟ್‌ಗೆ ಕೆಟ್ಟ ಹೆಸರು ತಂದದ್ದು ಬಹುಮಟ್ಟಿಗೆ ಪಕ್ಕದಲ್ಲಿರುವ ಎರಡು ಅಗ್ಗದ ಭಾಗಗಳು: ಕಂಡೆನ್ಸರ್ (ಪಾಯಿಂಟ್ ತೆರೆದಾಗ ಅಲ್ಲೇ ಕಿಡಿ ಹಾರದಂತೆ ತಡೆಯುವ ಕೆಪಾಸಿಟರ್) ಮತ್ತು ರೋಟರ್. ಕಂಡೆನ್ಸರ್ 0.2 ಮೈಕ್ರೋಫ್ಯಾರಡ್ ಆಸುಪಾಸು ಇರಬೇಕು. ಬಿಸಿಯಾದಾಗ ಕೈಕೊಟ್ಟು ತಣ್ಣಗಾದ ಮೇಲೆ ಸರಿಹೋಗುವ ಕಂಡೆನ್ಸರ್ ಮನುಷ್ಯನಿಗೆ ಹುಚ್ಚು ಹಿಡಿಸುತ್ತದೆ. ಕತ್ತಲಲ್ಲಿ ಕ್ಯಾಪ್ ತೆಗೆದು ಸೆಲ್ಫ್ ಹೊಡೆಸಿ ನೋಡಿ. ಪಾಯಿಂಟ್ ನಡುವೆ ದಪ್ಪ ನೀಲಿ ಕಿಡಿ ಕಂಡರೆ ಅದೇ ಕಳ್ಳ. ಹಳೆಯದು ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ‘ಸರ್ವಿಸ್’ ನೆಪದಲ್ಲಿ ಬದಲಿಸಬೇಡಿ. ರೋಟರ್‌ನಲ್ಲಿ ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ್ದರೆ, ಆ ರಿವೆಟ್‌ನಿಂದ ಕೆಳಗಿನ ಶಾಫ್ಟ್‌ಗೆ ಕಿಡಿ ಸೋರುವುದುಂಟು. ಈ ಎರಡರ ತಪ್ಪನ್ನು ಪಾಯಿಂಟ್ ತಲೆಗೆ ಕಟ್ಟಿ ಎಲೆಕ್ಟ್ರಾನಿಕ್ ಹಾಕಿಸಿದರೆ ರೋಟರ್ ಮಾತ್ರ ಹಾಗೇ ಉಳಿದು ಮತ್ತೆ ಕಾಡುತ್ತದೆ.

ಟ್ರಾನ್ಸಿಸ್ಟರ್ ನೆರವು: ಎಲ್ಲರೂ ಮರೆತ ನಡುದಾರಿ

ಇದರಲ್ಲಿ ಪಾಯಿಂಟ್ ಇದ್ದಲ್ಲೇ ಇರುತ್ತದೆ, ಆದರೆ ಕಾಯಿಲ್‌ನ ಭಾರ ಹೊರುವುದಿಲ್ಲ. ಒಂದು ಆಂಪಿಯರ್‌ಗಿಂತ ಎಷ್ಟೋ ಕಡಿಮೆ ಕರೆಂಟನ್ನು ಕಡಿದು ಸನ್ನೆ ಮಾತ್ರ ಕೊಡುತ್ತದೆ. ಹೊರಗೆ ತಂಪಾದ ಜಾಗದಲ್ಲಿ ಕೂತ ಪೆಟ್ಟಿಗೆಯ ಟ್ರಾನ್ಸಿಸ್ಟರ್ ಕಾಯಿಲನ್ನು ಆನ್ ಆಫ್ ಮಾಡುತ್ತದೆ. ಪಾಯಿಂಟ್ ಸುಡುವುದು ನಿಲ್ಲುತ್ತದೆ, ಕಂಡೆನ್ಸರ್‌ನ ಕಾಟ ತಪ್ಪುತ್ತದೆ. ಪೆಟ್ಟಿಗೆ ಸತ್ತರೆ ಕಾಯಿಲ್ ವೈರನ್ನು ಹಳೆಯ ಜಾಗಕ್ಕೆ ಸಿಕ್ಕಿಸಿ ಹೊರಟುಬಿಡಬಹುದು, ಕಂಡೆನ್ಸರ್ ಅಲ್ಲೇ ಬಿಟ್ಟಿದ್ದರೆ. ಫೈಬರ್ ತುಂಡಿನ ಸವಕಳಿ ಮಾತ್ರ ಮುಂದುವರಿಯುತ್ತದೆ, ಗ್ಯಾಪ್ ನೋಡುವ ಕೆಲಸ ಉಳಿಯುತ್ತದೆ. ಒಂಟಿಯಾಗಿ ದೂರ ಹೋಗುವವರಿಗೆ ಇದಕ್ಕಿಂತ ನಿಶ್ಚಿಂತೆಯ ಏರ್ಪಾಡು ಇನ್ನೊಂದಿಲ್ಲ. ಆದರೂ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಬಹುಶಃ ನೋಡಲು ಹೊಸದೇನೂ ಕಾಣದ್ದರಿಂದ.

ಡಿಸ್ಟ್ರಿಬ್ಯೂಟರ್ ಒಳಗೆ ಕೂರುವ ಮಾಡ್ಯೂಲ್

ಹೆಚ್ಚಿನವರು ಕೊನೆಗೆ ಕೊಳ್ಳುವುದು ಇದನ್ನೇ. ಪರ್ಟ್ರಾನಿಕ್ಸ್ ಇಗ್ನಿಟರ್, ಅಕ್ಯುಸ್ಪಾರ್ಕ್ ಮೊದಲಾದವು ಈ ಜಾತಿಯವು. ಕ್ಯಾಮ್ ಮೇಲೆ ಆಯಸ್ಕಾಂತ ಹುದುಗಿಸಿದ ಪ್ಲಾಸ್ಟಿಕ್ ಬಳೆ, ಪಾಯಿಂಟ್ ಜಾಗದಲ್ಲಿ ಆ ಕಾಂತವನ್ನು ಗುರುತಿಸುವ ಹಾಲ್ ಸೆನ್ಸರ್ ಮತ್ತು ಟ್ರಾನ್ಸಿಸ್ಟರ್ ಇರುವ ಮಾಡ್ಯೂಲ್, ಎರಡು ವೈರು. ಹೊರಗಿಂದ ನೋಡಿದರೆ ಆ ಎರಡು ವೈರಿನ ಹೊರತು ಗುರುತೇ ಸಿಗದು. ಸವೆಯುವ ಭಾಗವಿಲ್ಲ, ಆದ್ದರಿಂದ ಒಮ್ಮೆ ಇಟ್ಟ ಟೈಮಿಂಗ್ ಕದಲುವುದಿಲ್ಲ. ಶಾಫ್ಟ್ ಸ್ವಲ್ಪ ಆಡುತ್ತಿದ್ದರೂ ಪಾಯಿಂಟಿನಷ್ಟು ಗಲಿಬಿಲಿಯಾಗುವುದಿಲ್ಲ.

ಇದರಲ್ಲೇ ಎರಡು ಬಗೆ. ಸರಳ ಮಾಡ್ಯೂಲ್ ಕರೆಂಟನ್ನು ತಾನು ತಡೆಯದು, ಕಾಯಿಲ್ ಎಷ್ಟು ಎಳೆದರೆ ಅಷ್ಟು ಬಿಡುತ್ತದೆ. ಗಾಡಿ ಓಡುವಾಗ ಸಿಗುವ 14 ವೋಲ್ಟಿಗೆ 3 ಓಮ್ ಕಾಯಿಲ್ 4.7 ಆಂಪಿಯರ್ ಎಳೆಯುತ್ತದೆ. 1.5 ಓಮ್ ಕಾಯಿಲನ್ನು ಬ್ಯಾಲಾಸ್ಟ್ ಇಲ್ಲದೆ ಕೊಟ್ಟರೆ 9 ದಾಟುತ್ತದೆ, ಮಾಡ್ಯೂಲ್ ಬೇಯುತ್ತದೆ. ಆದ್ದರಿಂದಲೇ ಇಗ್ನಿಟರ್‌ನ ಮೊದಲ ಮಾದರಿಗೆ ನಾಲ್ಕು ಮತ್ತು ಆರು ಸಿಲಿಂಡರಿನಲ್ಲಿ ಕನಿಷ್ಠ 3 ಓಮ್, ವಿ8ರಲ್ಲಿ ಕನಿಷ್ಠ 1.5 ಓಮ್ ಎಂಬ ನಿಯಮ. ಇಂಜಿನ್ ನಿಂತಿರುವಾಗ ಕೀ ಆನ್ ಬಿಟ್ಟು ಬಾನೆಟ್ ಕೆಳಗೆ ಏನೋ ಹುಡುಕುತ್ತಾ ಹತ್ತು ನಿಮಿಷ ಕಳೆದರೂ ಸರಳ ಮಾಡ್ಯೂಲ್ ಸುಡಬಹುದು. ಎರಡನೇ ಬಗೆ ಬುದ್ಧಿವಂತ ಮಾಡ್ಯೂಲ್. ವೇಗಕ್ಕೆ ತಕ್ಕಂತೆ ಡ್ವೆಲ್ಲನ್ನು ತಾನೇ ಹೊಂದಿಸಿ, ಕರೆಂಟಿಗೆ ಮಿತಿ ಹಾಕುತ್ತದೆ. ಇಗ್ನಿಟರ್ 2 ಈ ಸಾಲಿನದು. ಇದಕ್ಕೆ 0.6 ಓಮ್‌ನ ಬಲವಾದ ಕಾಯಿಲ್ ಕೊಟ್ಟರೆ ಮಾತ್ರ ಹೆಚ್ಚು ಬೆಲೆ ಕೊಟ್ಟದ್ದು ಸಾರ್ಥಕ. ಅದೇ ಕಡಿಮೆ ಓಮ್‌ನ ಕಾಯಿಲನ್ನು ಪಾಯಿಂಟ್ ಜೊತೆ ಮಾತ್ರ ಹಾಕಬೇಡಿ, ಪಾಯಿಂಟ್ ಕರಕಲಾಗುತ್ತದೆ.

ಜೋಡಣೆ ಸುಲಭ ಎನ್ನುತ್ತಾರೆ, ಹೌದು, ಆದರೆ ಎಡವುವ ಜಾಗಗಳು ನಿಶ್ಚಿತವಾಗಿವೆ. ಕೆಂಪು ವೈರಿಗೆ ಪೂರ್ತಿ 12 ವೋಲ್ಟ್ ಬೇಕು. ಬ್ಯಾಲಾಸ್ಟ್ ಇರುವ ಗಾಡಿಯಲ್ಲಿ ಅದನ್ನು ಕಾಯಿಲ್‌ಗೆ ಕಟ್ಟದೆ ಬ್ಯಾಲಾಸ್ಟ್‌ಗಿಂತ ಮುಂಚೆ, ಕೀಲಿಯಿಂದ ನೇರವಾಗಿ ಬರುವ ಜಾಗಕ್ಕೆ ಕಟ್ಟಬೇಕು. ಕಪ್ಪು ವೈರು ಕಾಯಿಲ್‌ನ ನೆಗೆಟಿವ್‌ಗೆ. ಕೆಂಪು ಕಪ್ಪು ಅದಲುಬದಲಾದರೆ ಹಲವು ಮಾಡ್ಯೂಲ್‌ಗಳು ಎರಡನೇ ಅವಕಾಶ ಕೊಡುವುದಿಲ್ಲ. ಹಳೆಯ ಕಂಡೆನ್ಸರ್ ತೆಗೆಯಿರಿ.

ಮಾಡ್ಯೂಲ್ ಕೂರಿಸಲು ಕಿಟ್‌ನಲ್ಲಿ ಬಂದ ಸ್ಕ್ರೂವನ್ನೇ ಬಳಸಿ. ಉದ್ದನೆಯ ಬೇರೆ ಸ್ಕ್ರೂ ಹಾಕಿದರೆ ಅದರ ತುದಿ ಪ್ಲೇಟಿನ ಕೆಳಗೆ ಇಳಿದು ತೂಕಗಳಿಗೆ ತಾಗುತ್ತದೆ. ಬಳೆಯನ್ನು ಕೊನೆಯವರೆಗೂ ಒತ್ತಿ ಕೂರಿಸದಿದ್ದರೆ ರೋಟರ್ ಎತ್ತರವಾಗಿ ನಿಂತು ಕ್ಯಾಪ್ ಒಳಗೆ ಉಜ್ಜುತ್ತದೆ. ಅಂತರ ಹೊಂದಿಸಬಹುದಾದ ಮಾದರಿಗಳಲ್ಲಿ ಬಳೆಗೂ ಮಾಡ್ಯೂಲ್‌ಗೂ ನಡುವೆ ಸುಮಾರು 0.75 ಮಿ.ಮೀ. ಬಿಡಿ. ಕೈಯಿಂದ ಇಂಜಿನ್ ಎರಡು ಪೂರ್ತಿ ಸುತ್ತು ತಿರುಗಿಸಿ ಎಲ್ಲೂ ತಾಗದ್ದನ್ನು ಖಚಿತಪಡಿಸಿಕೊಳ್ಳಿ.

ಈಗ ವೈರಿನ ವಿಷಯ, ಇಲ್ಲಿ ನಿಧಾನಿಸಿ. ವ್ಯಾಕ್ಯೂಮ್ ಎಳೆದಾಗಲೆಲ್ಲ ಪ್ಲೇಟ್ ಸರಿಯುತ್ತದೆ, ಜೊತೆಗೆ ಮಾಡ್ಯೂಲ್ ಸರಿಯುತ್ತದೆ, ವೈರು ಬಾಗುತ್ತದೆ. ಬಿಗಿಯಾಗಿ ಎಳೆದು ಕಟ್ಟಿದ ವೈರು ಒಳಗೊಳಗೇ ತುಂಡಾಗುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ನೆಟ್ಟಗಿರುತ್ತದೆ. ಸಡಿಲ ಬಿಟ್ಟರೆ ತಿರುಗುವ ಬಳೆಗೆ ಸಿಕ್ಕಿ ಕಿತ್ತುಬರುತ್ತದೆ. ಬಾಯಿಂದ ವ್ಯಾಕ್ಯೂಮ್ ಎಳೆದು ಪ್ಲೇಟ್ ಪೂರ್ತಿ ಸರಿದಾಗಲೂ ವೈರು ಬಿಗಿಯದಷ್ಟು, ಬಳೆಯ ಹತ್ತಿರವೂ ಸುಳಿಯದಷ್ಟು ಬಳುಕು ಉಳಿಸಿ. ಡಿಸ್ಟ್ರಿಬ್ಯೂಟರ್ ಗೋಡೆಯಲ್ಲಿ ರಬ್ಬರ್ ಗ್ರೋಮೆಟ್ ಕೂತಿರಲಿ. ಸರಿಯುವ ಪ್ಲೇಟಿನಿಂದ ಹೊರಗಿನ ಡಬ್ಬಿಗೆ ಹೆಣೆದ ಸಣ್ಣ ಅರ್ಥ್ ತಂತಿ ಇದ್ದರೆ ಅದನ್ನು ತೆಗೆಯಬೇಡಿ. ಅದು ಹರಿದಿದ್ದರೆ ಮೊದಲು ಬದಲಿಸಿ, ಅನೇಕ ಮಾಡ್ಯೂಲ್‌ಗಳ ಅರ್ಥ್ ಆ ದಾರಿಯಲ್ಲೇ.

ಪ್ಲಗ್ ವೈರು ಬರೀ ತಾಮ್ರದ್ದಾಗಿದ್ದರೆ ಅದರ ವಿದ್ಯುತ್ ಗದ್ದಲಕ್ಕೆ ಮಾಡ್ಯೂಲ್ ದಾರಿ ತಪ್ಪುತ್ತದೆ. ವೈರಿನ ಎರಡೂ ತುದಿಗೆ ಮೀಟರ್ ಹಿಡಿದಾಗ ಸೊನ್ನೆ ತೋರಿಸಿದರೆ ತಾಮ್ರ, ಕೆಲವು ಸಾವಿರ ಓಮ್ ತೋರಿಸಿದರೆ ಸಪ್ರೆಸರ್ ವೈರು. ಎರಡನೆಯದೇ ಬೇಕು. ಎಲ್ಲ ಮುಗಿದ ಮೇಲೆ ವ್ಯಾಕ್ಯೂಮ್ ಪೈಪ್ ಬಿಚ್ಚಿ ಬಿರಡೆ ಹಾಕಿ ಟೈಮಿಂಗ್ ಲೈಟಿನಲ್ಲಿ ಟೈಮಿಂಗ್ ಮತ್ತೆ ಇಡಲೇಬೇಕು. ಪಾಯಿಂಟ್ ತೆರೆಯುತ್ತಿದ್ದ ಜಾಗವೂ ಮಾಡ್ಯೂಲ್ ಕಡಿಯುವ ಜಾಗವೂ ಒಂದೇ ಆಗಿರುವುದಿಲ್ಲ.

ಬೆಳಕಿನ ಕಿಟ್, ಹೊರಗಿನ ಪೆಟ್ಟಿಗೆ

ಲುಮಿನಿಷನ್ ಆಪ್ಟ್ರಾನಿಕ್ ಈ ದಾರಿಯದು. ತಿರುಗುವ ಬಿಲ್ಲೆಯೊಂದು ಇನ್ಫ್ರಾರೆಡ್ ಕಿರಣವನ್ನು ಕಡಿಯುತ್ತದೆ, ಬಿಸಿಯಾಗುವ ಪವರ್ ಭಾಗ ಬೇರೆ ಪೆಟ್ಟಿಗೆಯಲ್ಲಿರುತ್ತದೆ. ಡಿಸ್ಟ್ರಿಬ್ಯೂಟರ್ ಎಕ್ಸಾಸ್ಟ್ ಪಕ್ಕದಲ್ಲಿರುವ ಇಂಜಿನ್‌ಗೆ ಇದು ಒಳ್ಳೆಯ ಗುಣ. ಪೆಟ್ಟಿಗೆಯನ್ನು ಗಾಳಿಯಾಡುವ ಲೋಹದ ಮೇಲೆ, ಬಣ್ಣ ಕೆರೆದು ಅರ್ಥ್ ಕೊಟ್ಟು ಕೂರಿಸಿ. ತೊಂದರೆಯೆಂದರೆ ಪೆಟ್ಟಿಗೆ ಕಣ್ಣಿಗೆ ಕಾಣುತ್ತದೆ, ವೈರಿನ ಜೋಡಣೆಗಳು ಹೆಚ್ಚು, ಕಣ್ಣಿನ ಮೇಲೆ ಎಣ್ಣೆ ಮಸಿ ಕೂತರೆ ಒರೆಸಬೇಕು.

ಇಡೀ ಡಿಸ್ಟ್ರಿಬ್ಯೂಟರ್ ಬದಲಿಸುವುದು

ಶಾಫ್ಟ್ ಸವೆದು, ತೂಕ ಅಂಟಿ, ವ್ಯಾಕ್ಯೂಮ್ ಡಬ್ಬಿಯೂ ಹೋಗಿರುವ ಡಿಸ್ಟ್ರಿಬ್ಯೂಟರ್‌ಗೆ ಮಾಡ್ಯೂಲ್ ಹಾಕುವುದು ಹರಿದ ಕೊಡೆಗೆ ಹೊಸ ಹಿಡಿ ಹಾಕಿದಂತೆ. ಬುಶ್, ಡಬ್ಬಿ, ಸ್ಪ್ರಿಂಗ್, ಕಿಟ್ ಎಲ್ಲದರ ಖರ್ಚು ಕೂಡಿಸಿ ನೋಡಿದರೆ ಪೂರ್ಣ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಅಷ್ಟೇನೂ ದುಬಾರಿ ಅನ್ನಿಸುವುದಿಲ್ಲ. ಹಾಲೆಂಡಿನ 123 ಇಗ್ನಿಷನ್‌ನಲ್ಲಿ ತೂಕಗಳೇ ಇಲ್ಲ. ಅಡ್ವಾನ್ಸ್ ಎಲ್ಲವೂ ಒಳಗಿನ ಲೆಕ್ಕಾಚಾರದಿಂದ ಬರುತ್ತದೆ. ಸಾಮಾನ್ಯ ಮಾದರಿಯಲ್ಲಿ ತಳದ ಪುಟ್ಟ ಸ್ವಿಚ್ ತಿರುಗಿಸಿ 16 ಕರ್ವ್‌ಗಳಲ್ಲಿ (ಯಾವ ವೇಗಕ್ಕೆ ಎಷ್ಟು ಅಡ್ವಾನ್ಸ್ ಎಂಬ ಗೆರೆ) ಒಂದನ್ನು ಆರಿಸುತ್ತೀರಿ, ಟ್ಯೂನ್ ಮಾದರಿಯಲ್ಲಿ ಕರ್ವನ್ನು ನೀವೇ ಬರೆಯಬಹುದು. ಹೊತ್ತಿನ ಕೆಲಸವನ್ನು ನಿಜವಾಗಿ ಸರಿಪಡಿಸುವ ದಾರಿ ಇದು.

ಅಷ್ಟೇ ಅಪಾಯವೂ ಇಲ್ಲಿದೆ. ತಪ್ಪು ಕರ್ವ್ ಆರಿಸಿದರೆ ಏರಿನಲ್ಲಿ ಇಂಜಿನ್ ಗಲಗಲ ಬಡಿಯುತ್ತದೆ, ಅದನ್ನು ಕಡೆಗಣಿಸಿ ಓಡಿಸಿದರೆ ಪಿಸ್ಟನ್‌ಗೆ ಏಟು. ನಿಮ್ಮ ಇಂಜಿನ್ ಮಾದರಿಗೆ ತಯಾರಕರು ಸೂಚಿಸಿದ ಕರ್ವ್‌ನಿಂದ ಶುರುಮಾಡಿ. ವ್ಯಾಕ್ಯೂಮ್ ಪೈಪ್ ಕಾರ್ಬ್ಯುರೇಟರ್‌ನಿಂದಲೋ ಮ್ಯಾನಿಫೋಲ್ಡ್‌ನಿಂದಲೋ ಎಂದು ತಿಳಿದೇ ಜೋಡಿಸಿ. ಮ್ಯಾನಿಫೋಲ್ಡ್‌ನಿಂದ ಕೊಟ್ಟರೆ ಐಡಲಿಂಗ್‌ನಲ್ಲೇ ಅಡ್ವಾನ್ಸ್ ಏರಿರುತ್ತದೆ.

ನಿಮ್ಮದೇ ಇಂಜಿನ್‌ನ ಮುಂದಿನ ಮಾದರಿಗೆ ಕಂಪನಿಯೇ ಎಲೆಕ್ಟ್ರಾನಿಕ್ ಕೊಟ್ಟಿದ್ದರೆ ಅದನ್ನೂ ನೋಡಿ. ಕ್ರೈಸ್ಲರ್ 1973ಕ್ಕೆ, ಜನರಲ್ ಮೋಟಾರ್ಸ್ 1975ಕ್ಕೆ ಪಾಯಿಂಟ್ ಬಿಟ್ಟವು. ಹಾಗಾಗಿ ಅಮೆರಿಕದ ವಿ8ಗಳಿಗೆ ಈ ಭಾಗಗಳು ನೇರ ಕೂರುತ್ತವೆ. ಜನರಲ್ ಮೋಟಾರ್ಸ್‌ನ ಎಚ್‌ಇಐ (ಹೈ ಎನರ್ಜಿ ಇಗ್ನಿಷನ್) ಬಲವಾದದ್ದು, ಬಿಡಿಭಾಗಗಳೂ ಹೇರಳ, ಆದರೆ ತಲೆ ದಪ್ಪ. ಇಂಜಿನ್ ಹಿಂದಿನ ತಗಡಿನ ಗೋಡೆಗೋ ಏರ್ ಕ್ಲೀನರ್‌ಗೋ ತಾಗುತ್ತದೆಯೇ ಎಂದು ಅಳೆದು ಕೊಳ್ಳಿ. ಹಳೆಯ ರೆಸಿಸ್ಟೆನ್ಸ್ ವೈರಿನಿಂದ ಅದಕ್ಕೆ ಕರೆಂಟ್ ಕೊಟ್ಟರೆ ಬಲವೆಲ್ಲ ವ್ಯರ್ಥ, ದಪ್ಪನೆಯ ಹೊಸ ವೈರು ಎಳೆಯಬೇಕು. ಮಾಡ್ಯೂಲ್ ಕೆಳಗೆ ಬಿಸಿ ಸಾಗಿಸುವ ಬಿಳಿ ಪೇಸ್ಟ್ ಸವರುವುದನ್ನು ಮರೆತರೆ ಅದೂ ಸುಡುತ್ತದೆ.

ಸಿಡಿಐ ಪೆಟ್ಟಿಗೆ, ಮತ್ತು ಡಿಸ್ಟ್ರಿಬ್ಯೂಟರ್ ಇಲ್ಲದ ದಾರಿ

ಸಿಡಿಐ, ಅಂದರೆ ಕೆಪಾಸಿಟರ್ ಡಿಸ್ಚಾರ್ಜ್ ಇಗ್ನಿಷನ್‌ನಲ್ಲಿ ಪೆಟ್ಟಿಗೆಯೊಳಗಿನ ಕೆಪಾಸಿಟರ್ 400 ವೋಲ್ಟ್ ಮೀರಿ ತುಂಬಿಕೊಂಡು ಒಮ್ಮೆಲೇ ಕಾಯಿಲ್‌ಗೆ ಸುರಿಯುತ್ತದೆ. ಕಿಡಿ ಪ್ರಚಂಡ, ಆದರೆ ಅಲ್ಪಾಯುಷಿ. ಆದ್ದರಿಂದಲೇ ಎಂಎಸ್‌ಡಿ 6ಎ ಯಂಥವು 3000 ಆರ್‌ಪಿಎಂವರೆಗೆ ಒಂದೇ ಸಲಕ್ಕೆ ಹಲವು ಕಿಡಿ ಹಾರಿಸುತ್ತವೆ. ಪ್ಲಗ್ ಮಸಿ ಹಿಡಿಯುವ, ಪೆಟ್ರೋಲ್ ಹೆಚ್ಚು ಕುಡಿಯುವ, ಜೋರಾಗಿ ತಿರುಗಿಸುವ ಇಂಜಿನ್‌ಗೆ ಇದು ಸರಿ. ಭಾನುವಾರದ ಸುತ್ತಾಟಕ್ಕೆ ಬೇಕಿಲ್ಲ. ಕರೆಂಟಿನ ಬಡಿತ ಎಣಿಸುವ ಹಳೆಯ ಟ್ಯಾಕೋಮೀಟರ್ ಇದರ ಜೊತೆ ನೇರ ಕೆಲಸ ಮಾಡದಿರಬಹುದು, ಅಡಾಪ್ಟರ್ ಬೇಕಾದೀತು.

ಕ್ರ್ಯಾಂಕ್‌ಗೇ ಹಲ್ಲಿನ ಚಕ್ರ ಕೂರಿಸಿ ಸೆನ್ಸರ್‌ನಿಂದ ಹೊತ್ತು ಓದುವ ವಿಧಾನ ನಿಖರತೆಯಲ್ಲಿ ಎಲ್ಲದಕ್ಕಿಂತ ಮೇಲು. ಫೋರ್ಡ್‌ನ ಇಡಿಐಎಸ್ (ಡಿಸ್ಟ್ರಿಬ್ಯೂಟರ್ ಇಲ್ಲದ ಇಗ್ನಿಷನ್) ಭಾಗಗಳ ಜೊತೆ ಟೈಮಿಂಗ್ ಲೆಕ್ಕ ಹಾಕುವ ಮೆಗಾಜೋಲ್ಟ್ ಎಂಬ ಪೆಟ್ಟಿಗೆ ಜೋಡಿಸುವುದು ಇದರ ಹೆಸರಾಂತ ರೂಪ. 36 ಹಲ್ಲಿನ ಜಾಗದಲ್ಲಿ ಒಂದು ಇಲ್ಲದ ಚಕ್ರ, ಸುಮಾರು 1 ಮಿ.ಮೀ. ಅಂತರದಲ್ಲಿ ಸೆನ್ಸರ್. ಮೆಗಾಜೋಲ್ಟ್ ಕೆಟ್ಟರೂ ಇಡಿಐಎಸ್ 10 ಡಿಗ್ರಿಯಲ್ಲಿ ಕಿಡಿ ಕೊಡುತ್ತಾ ಮನೆ ಸೇರಿಸುತ್ತದೆ. ಆದರೆ ಪುಲ್ಲಿಗೆ ಚಕ್ರ ಕೂರಿಸಬೇಕು, ಬ್ರ್ಯಾಕೆಟ್ ಮಾಡಿಸಬೇಕು, ಲ್ಯಾಪ್‌ಟಾಪ್ ಹಿಡಿದು ಕೂರಬೇಕು. ಮೂಲರೂಪದ ಆಸೆ ಇರುವವರು ಇತ್ತ ಬರಬಾರದು.

ಯಾರಿಗೆ ಯಾವುದು

ಡಿಸ್ಟ್ರಿಬ್ಯೂಟರ್ ಬಿಗಿಯಾಗಿದೆ, ಕೈ ಮಸಿಯಾದರೆ ಬೇಸರವಿಲ್ಲ, ಖರ್ಚು ಬೇಡ ಎನ್ನುವವರು ಒಳ್ಳೆಯ ಪಾಯಿಂಟ್ ಸೆಟ್, ಒಳ್ಳೆಯ ರೋಟರ್ ಹಾಕಿ ಸುಮ್ಮನಿರಲಿ. ಸರಿಯಾಗಿ ಇಟ್ಟ ಪಾಯಿಂಟ್ ಜಾಗಕ್ಕೆ ಮಾಡ್ಯೂಲ್ ಬಂದರೆ ಮೈಲೇಜ್ ಏರುವುದಿಲ್ಲ. ಏರಿತು ಎನ್ನುವವರ ಪಾಯಿಂಟ್ ಮೊದಲೇ ಕೆಟ್ಟಿತ್ತು ಎಂದರ್ಥ.

ನಾಲ್ಕು ಸಿಲಿಂಡರ್, ದಿನಬಳಕೆ, ಪದೇ ಪದೇ ಗ್ಯಾಪ್ ನೋಡಲು ಪುರುಸೊತ್ತಿಲ್ಲ ಎಂದರೆ ಸರಳ ಮಾಡ್ಯೂಲ್ ಮತ್ತು 3 ಓಮ್ ಕಾಯಿಲ್. ಪ್ಲಗ್ ಗ್ಯಾಪ್ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ ಇರಲಿ. ಬಲವಾದ ಕಾಯಿಲ್ ಇಲ್ಲದೆ ಗ್ಯಾಪ್ ಹಿಗ್ಗಿಸಿದರೆ ರೋಟರ್ ಮತ್ತು ಕ್ಯಾಪ್ ಮೇಲೆ ಒತ್ತಡ ಬೀಳುತ್ತದೆಯೇ ಹೊರತು ಇಂಜಿನ್‌ಗೆ ಲಾಭವಿಲ್ಲ. ವಿ8 ಇದ್ದು ಹೆದ್ದಾರಿಯಲ್ಲಿ ಓಡಿಸುವವರು ಬುದ್ಧಿವಂತ ಮಾಡ್ಯೂಲ್ ಮತ್ತು ಕಡಿಮೆ ಓಮ್ ಕಾಯಿಲ್‌ಗೆ, ಇಲ್ಲವೇ ಎಚ್‌ಇಐಗೆ ಹೋಗಲಿ. ತಪಾಸಣೆಯಲ್ಲಿ ಎರಡು ಮೂರು ದೋಷ ಸಿಕ್ಕವರು ಪೂರ್ಣ ಡಿಸ್ಟ್ರಿಬ್ಯೂಟರ್‌ಗೆ ಹಣ ಕೂಡಿಸಲಿ, ನಡುವೆ ಅಗ್ಗದ ಕಿಟ್‌ಗೆ ಸುರಿಯುವುದು ಬೇಡ.

ಮಾಡ್ಯೂಲ್ ಹಾಕಿದವರ ಡಿಕ್ಕಿಯಲ್ಲಿ ಪಾಯಿಂಟ್, ಕಂಡೆನ್ಸರ್, ಫೀಲರ್ ಗೇಜ್, ಸಣ್ಣ ಸ್ಕ್ರೂಡ್ರೈವರ್ ಸದಾ ಇರಬೇಕು. ಇನ್ನೊಂದು ಬೇಸ್ ಪ್ಲೇಟ್ ಸಿಕ್ಕರೆ ಅದರ ಮೇಲೆ ಪಾಯಿಂಟ್ ಮೊದಲೇ ಕೂರಿಸಿ ಇಟ್ಟುಕೊಳ್ಳಿ. ರಸ್ತೆ ಬದಿಯಲ್ಲಿ ಪ್ಲೇಟ್ ಬದಲಿಸಿ, ಗ್ಯಾಪ್ ಒಮ್ಮೆ ನೋಡಿದರೆ ಸಾಕು. ಆದರೆ ಈ ಉಪಾಯ ನಡೆಯುವುದು ಕಾಯಿಲ್ 3 ಓಮ್‌ನದಾಗಿದ್ದರೆ, ಅಥವಾ ಬ್ಯಾಲಾಸ್ಟ್ ಸೇರಿ 3 ಓಮ್ ಆಗುತ್ತಿದ್ದರೆ ಮಾತ್ರ. 0.6 ಓಮ್ ಕಾಯಿಲ್ ಹಾಕಿದವರು ಹಳೆಯ ಕಾಯಿಲನ್ನೂ ಹೊತ್ತೊಯ್ಯಬೇಕು.

ಉಳಿದದ್ದು 6 ವೋಲ್ಟಿನ ಗಾಡಿಗಳು. ಅವಕ್ಕೂ, ಪಾಸಿಟಿವ್ ಅರ್ಥ್‌ಗೂ ಬೇರೆ ಮಾಡ್ಯೂಲ್‌ಗಳು ಸಿಗುತ್ತವೆ. ಆದರೆ ಸೆಲ್ಫ್ ಹೊಡೆಯುವಾಗ 6 ವೋಲ್ಟ್ ಎಷ್ಟೋ ಕೆಳಗೆ ಇಳಿಯುತ್ತದೆ. ಪಾಯಿಂಟ್ ಆ ಅಲ್ಪ ವೋಲ್ಟಿಗೂ ಕಿಡಿ ಕೊಟ್ಟೀತು, ಮಾಡ್ಯೂಲ್ ಕಣ್ಣು ಮುಚ್ಚಿಬಿಡಬಹುದು. ಇಂಥ ಗಾಡಿಯಲ್ಲಿ ಮೊದಲ ಖರ್ಚು ಇಗ್ನಿಷನ್‌ಗಲ್ಲ, ಬ್ಯಾಟರಿ ಕೇಬಲ್‌ಗೆ. ಅದೇ ಕೆಲಸಕ್ಕೆ 12 ವೋಲ್ಟಿನ ಎರಡರಷ್ಟು ಕರೆಂಟ್ ಹರಿಯುವುದರಿಂದ ಕೇಬಲ್ ಅದಕ್ಕೆ ತಕ್ಕಷ್ಟು ದಪ್ಪ ಬೇಕು. ಯಾರೋ ಎಂದೋ ಹಾಕಿದ ತೆಳ್ಳನೆಯ 12 ವೋಲ್ಟಿನ ಕೇಬಲ್ ಕಿತ್ತು ದಪ್ಪದ್ದು ಹಾಕಿ, ಇಂಜಿನ್ ಮತ್ತು ಬಾಡಿ ನಡುವಿನ ಅರ್ಥ್ ಪಟ್ಟಿಯ ಎರಡೂ ತುದಿ ಹೊಳೆಯುವಂತೆ ಕೆರೆದು ಬಿಗಿಯಿರಿ. ಸೆಲ್ಫ್ ಹೊಡೆಯುವಾಗ ಕಾಯಿಲ್‌ಗೆ ಬರುವ ವೋಲ್ಟ್ ಮತ್ತೆ ಅಳೆದು, ಕಿಟ್ ಕಾಗದದಲ್ಲಿ ಕೇಳಿದ ಕನಿಷ್ಠ ವೋಲ್ಟ್ ಪಕ್ಕ ಇಟ್ಟು ನೋಡಿ. ಅಷ್ಟು ಬಂದರೆ ಮಾಡ್ಯೂಲ್ ತರಿಸಿ, ಬಾರದಿದ್ದರೆ ಪಾಯಿಂಟನ್ನೇ ಉಳಿಸಿ, ಕ್ಯಾಮ್‌ಗೆ ಗ್ರೀಸ್ ಸವರಿ ಕ್ಯಾಪ್ ಮುಚ್ಚಿ.